ದೇವಗಿರಿಯ ಉಪ್ಪಿನ ಮೂಟೆಗಳು

ವಿಭಾಗದ ಸ್ಮರಣ ಸಂಪುಟಕ್ಕೆ ನನ್ನಂಥ ಹಳೆಯ ವಿದ್ಯಾರ್ಥಿ ಏನನ್ನು ಬರೆಯಬಹುದೆಂದು ಬಹಳ ದಿನ ಯೋಚಿಸಿದೆ. ನಾನು ಅಧ್ಯಾಪಕನಲ್ಲ, ಸಂಶೋಧಕನೂ ಅಲ್ಲ. ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ಎಂ.ಎ. ಮುಗಿಸಿ, ನೌಕರಿಯ ನಿಮಿತ್ತ ನಾಸಿಕಕ್ಕೆ ಹೋದವನು ಅಲ್ಲಿಯೇ ನೆಲೆನಿಂತೆ. ಯಾವ ಬಳಗದ ಆಸರೆಯೂ ಇಲ್ಲದೆ, ಬಿಡುವಿನ ವೇಳೆಯಲ್ಲಿ ಕಥೆ, ಕಾದಂಬರಿ ಬರೆಯುತ್ತ ಬಂದಿದ್ದೇನೆ. ಅವುಗಳಲ್ಲಿ ಒಂದು, ಇನ್ನೂ ಅಚ್ಚಾಗದ ಕಾದಂಬರಿ, ನನಗೆ ಕಲಿಸಿದ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ಕವಿರಾಜಮಾರ್ಗದ ಪಾಠವಾದ ದಿನ, ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂಬ ಮಾತು ನಮ್ಮೆಲ್ಲರ ಎದೆಯನ್ನು ಉಬ್ಬಿಸಿತ್ತು. ಮುಂದೆ ನಾಸಿಕದ ರಾಮಕುಂಡದಲ್ಲಿ ಮೊದಲ ಸಲ ಗೋದಾವರಿಗೆ ಕೈಯಿಟ್ಟಾಗ ‘ಇದು ನಮ್ಮ ಮೇರೆ’ ಎಂದುಕೊಂಡೆ. ಸುತ್ತ ಕೇಳಿಬಂದದ್ದೆಲ್ಲ ಮರಾಠಿ. ತ್ರ್ಯಂಬಕದಲ್ಲಿ ಹುಟ್ಟಿ ಸುಮಾರು 1465 ಕಿಲೋಮೀಟರ್ ಹರಿಯುವ ಈ ನದಿಯ ಯಾವ ದಡ ಕವಿಯ ಮನಸ್ಸಿನಲ್ಲಿತ್ತೆಂದು ಆಗ ನಾನು ಕೇಳಿಕೊಳ್ಳಲಿಲ್ಲ. ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಎಂಬ ಹಂಬಲವಷ್ಟೇ ಉಳಿಯಿತು.

ಆ ಹಂಬಲಕ್ಕೆ ಕಥೆಯ ರೂಪವುಂಟೆಂದು ತೋರಿಸಿದವರು ಖಗೋಳವಿಜ್ಞಾನಿ ಜಯಂತ ನಾರಳೀಕರರು. ಅವರ ‘ಗಂಗಾಧರಪಂತಾಂಚೆ ಪಾನಿಪತ’ ಎಂಬ ಮರಾಠಿ ಕಥೆಯಲ್ಲಿ ಇತಿಹಾಸದ ಪ್ರಾಧ್ಯಾಪಕನೊಬ್ಬ ಇನ್ನೊಂದು ಜಗತ್ತಿಗೆ ಜಾರುತ್ತಾನೆ. 1761ರ ಪಾನಿಪತ ಯುದ್ಧದಲ್ಲಿ ವಿಶ್ವಾಸರಾಯನನ್ನು ಕೊಂದ ಗುಂಡು ಅಲ್ಲಿ ಅವನ ಪಕ್ಕದಲ್ಲಿ ಹಾದುಹೋಗಿದೆ, ಮರಾಠರು ಗೆದ್ದಿದ್ದಾರೆ. ಆದರೂ ಆ ಜಗತ್ತಿನ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಉಳಿದುಕೊಂಡಿದೆ. ಗೆಲುವಿನ ಜಗತ್ತಿನಲ್ಲಿಯೂ ಎಲ್ಲವೂ ಲೇಖಕನ ಇಷ್ಟದಂತೆ ನಡೆಯುವುದಿಲ್ಲ. ಸಭೆಯೊಂದರಲ್ಲಿ ಖಾಲಿಯಿದ್ದ ಅಧ್ಯಕ್ಷಪೀಠವನ್ನೇರಿದ ಪ್ರಾಧ್ಯಾಪಕನನ್ನು ಜನ ಹೊಡೆದೋಡಿಸುತ್ತಾರೆ. 2021ರ ಡಿಸೆಂಬರಿನಲ್ಲಿ ನಾಸಿಕದಲ್ಲಿ ನಡೆದ 94ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ನಾರಳೀಕರರೇ ಅಧ್ಯಕ್ಷರು. ಅನಾರೋಗ್ಯದಿಂದ ಅವರು ಬರಲಾಗಲಿಲ್ಲವೆಂದು ತಿಳಿದಾಗ ನನಗೆ ನೆನಪಾದದ್ದು ಆ ಖಾಲಿ ಪೀಠ. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ನನ್ನ ಕಥೆಗೆ ಬೇಕಾದ ‘ಗುಂಡು’ ದೊರೆತದ್ದು ದೇವಗಿರಿಯಲ್ಲಿ. 2023ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುವ ಔರಂಗಾಬಾದಿಗೆ ಸಮೀಪದ ಈ ಕೋಟೆಯನ್ನು, ಕಾರ್ನಾಡರ ‘ತುಘಲಕ್’ ಓದಿದ ಕನ್ನಡ ವಿದ್ಯಾರ್ಥಿಗಳೆಲ್ಲ ದೌಲತಾಬಾದ್ ಎಂದು ಬಲ್ಲರು. ನನಗೆ ಬೇಕಾದದ್ದು ತುಘಲಕನಿಗಿಂತ ಹಿಂದಿನ ಕಾಲ. ಇಲ್ಲಿಂದ ಆಳಿದ ಸೇಉಣರು ಅನೇಕ ಶಾಸನಗಳನ್ನು ಕನ್ನಡದಲ್ಲಿ ಬರೆಸಿದವರು. 1296ರಲ್ಲಿ ಅಲ್ಲಾವುದ್ದೀನ್ ಖಲ್ಜಿ ಅನಿರೀಕ್ಷಿತವಾಗಿ ಮೇಲೆರಗಿದಾಗ ಸೈನ್ಯ ಯುವರಾಜ ಶಂಕರದೇವನೊಡನೆ ಹೊರಗಿತ್ತು. ಹಿಂದಿರುಗಿದ ಯುವರಾಜ ಕಾದಿ ಸೋತ. ಕೋಟೆಯೊಳಗಿದ್ದ ದೊರೆ ರಾಮಚಂದ್ರ, ಧಾನ್ಯವೆಂದು ಅವಸರದಲ್ಲಿ ಒಳಗೆ ಸಾಗಿಸಿದ್ದ ಮೂಟೆಗಳನ್ನು ಬಿಚ್ಚಿಸಿದರೆ ಒಳಗಿದ್ದದ್ದು ಉಪ್ಪು. ಕೊಂಕಣದ ವರ್ತಕರು ತಂದಿದ್ದ ಮೂಟೆಗಳವು. ದೊರೆ ಸಂಧಿಗೆ ಒಪ್ಪಬೇಕಾಯಿತು. ಇದನ್ನು ಹೇಳುವವನು ಫರಿಶ್ತಾ. ಘಟನೆ ನಡೆದು ಮುನ್ನೂರು ವರ್ಷಗಳ ಮೇಲೆ, ನಮ್ಮ ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು ಬರೆದವನು. ಇದು ದಂತಕಥೆಯೂ ಇರಬಹುದು. ಕಾದಂಬರಿಕಾರನಿಗೆ ಅಷ್ಟೇ ಸಾಕು.

ಮೂಟೆಗಳಲ್ಲಿ ಧಾನ್ಯವೇ ಇದ್ದಿದ್ದರೆ? ನಾಸಿಕದಿಂದ ಬಸ್ಸಿನಲ್ಲಿ ಹೋಗಿ ಬರುತ್ತ, ಕೋಟೆಯ ಕತ್ತಲೆಯ ಸುರಂಗವನ್ನು ಹತ್ತಿ ಇಳಿಯುತ್ತ, ಮೂರು ವರ್ಷ ಬರೆದೆ. ನನ್ನ ಕಾದಂಬರಿಯಲ್ಲಿ ದೇವಗಿರಿ ಬೀಳಲಿಲ್ಲ. ಏಳುನೂರು ವರ್ಷಗಳ ನಂತರವೂ ಗೋದಾವರಿಯ ಎರಡೂ ದಡಗಳಲ್ಲಿ ಕನ್ನಡ ಮೊಳಗುತ್ತಿತ್ತು. ಮೊದಲ ಕರಡನ್ನು ಓದಿದ ಪ್ರಕಾಶಕರೊಬ್ಬರು, ಗಡಿಯ ಮಾತು ಬಿಸಿಯಾಗಿರುವಾಗಲೇ ಇದನ್ನು ತರೋಣವೆಂದು ಉತ್ಸಾಹ ತೋರಿದರು.

ಅಚ್ಚಿಗೆ ಕಳಿಸುವ ಮುನ್ನ ಅದನ್ನು ಮಗಳಿಗೆ ಓದಿ ಹೇಳಿದೆ. ಓದಿಯೇ ಹೇಳಬೇಕಾಯಿತು; ಅವಳಿಗೆ ಕನ್ನಡ ತಿಳಿಯುತ್ತದೆ, ಅಕ್ಷರ ಬಾರದು. ಅವಳ ತಾಯಿಯ ಭಾಷೆ ಮರಾಠಿ, ಶಾಲೆಯದೂ ಮರಾಠಿ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಮರಾಠಿಯಲ್ಲಿಯೇ ಕೇಳಿದಳು: “ಅಪ್ಪಾ, ಮೂಟೆಯೊಳಗಿನ ಉಪ್ಪು ಧಾನ್ಯವಾಯಿತು, ಸರಿ. ಆ ಮೂಟೆ ಹೊತ್ತು ತಂದವರ ಮಾತು ಹೇಗೆ ಬದಲಾಯಿತು?”

ನನ್ನಲ್ಲಿ ಉತ್ತರವಿರಲಿಲ್ಲ. ಜ್ಞಾನೇಶ್ವರಿ ಹುಟ್ಟಿದ್ದು 1290ರಲ್ಲಿ, ಅದೇ ರಾಮಚಂದ್ರನ ಆಳ್ವಿಕೆಯಲ್ಲಿ, ನೇವಾಸೆಯಲ್ಲಿ. ಮುತ್ತಿಗೆಗೆ ಆರು ವರ್ಷ ಮೊದಲೇ. ಕೋಟೆ ಉಳಿದಿದ್ದರೂ ಆ ಜನರ ಬಾಯಲ್ಲಿ ಮರಾಠಿ ಬೆಳೆಯುತ್ತಲೇ ಇರುತ್ತಿತ್ತು. ಅಲೆಗ್ಸಾಂಡರನು ರೋಮಿನ ಮೇಲೆ ಬಂದಿದ್ದರೆ ಏನಾಗುತ್ತಿತ್ತೆಂದು ವಿಚಾರಿಸಿದ ಇತಿಹಾಸಕಾರ ಲಿವಿ, ರೋಮೇ ಗೆಲ್ಲುತ್ತಿತ್ತೆಂದು ತೀರ್ಪಿತ್ತ. ಅವನು ರೋಮಿನವನು. ನಾನು ಮಾಡಿದ್ದೂ ಅದನ್ನೇ. ಪರ್ಯಾಯ ಇತಿಹಾಸವನ್ನು ಬರೆಯುವವನು ಬದಲಿಸಬಹುದಾದದ್ದು ಒಂದು ಗುಂಡನ್ನು, ಒಂದು ಮೂಟೆಯನ್ನು. ಉಳಿದದ್ದು ತನ್ನ ನ್ಯಾಯದಂತೆ ನಡೆಯಲು ಬಿಡಬೇಕು. ಅದು ತನ್ನ ಆಸೆಗೆ ವಿರುದ್ಧವಾದರೂ ಬರೆಯಬೇಕು. ಇಲ್ಲವಾದರೆ ಅದು ಇತಿಹಾಸದ ವಿಚಾರಣೆಯಾಗದೆ ಇತಿಹಾಸದ ಮೇಲಿನ ದೂರಾಗುತ್ತದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನನ್ನ ಮನೆಯ ಕನ್ನಡವನ್ನು ಕಳೆದವನು ಅಲ್ಲಾವುದ್ದೀನನಲ್ಲ, ನಾನು. ಸಂಜೆಗಳಲ್ಲಿ ಮಗಳಿಗೆ ಅಕ್ಷರ ಕಲಿಸಬಹುದಾಗಿದ್ದ ವರ್ಷಗಳಲ್ಲಿ ನಾನು ಕಾದಂಬರಿಯೊಳಗೆ ಕನ್ನಡ ಸಾಮ್ರಾಜ್ಯವನ್ನು ಕಟ್ಟುತ್ತಿದ್ದೆ.

ಪ್ರಕಾಶಕರಿಂದ ಕರಡನ್ನು ಹಿಂದಕ್ಕೆ ಪಡೆದು ಮತ್ತೆ ಬರೆಯುತ್ತಿದ್ದೇನೆ. ಹೊಸ ಕರಡಿನಲ್ಲಿಯೂ ದೇವಗಿರಿ ಬೀಳುವುದಿಲ್ಲ. ಆದರೆ ಅಲ್ಲಿಯ ಶಾಸನದ ಮನೆಯಲ್ಲಿ ಇಬ್ಬರು ಲಿಪಿಕಾರರಿದ್ದಾರೆ. ಒಬ್ಬನದು ಕನ್ನಡ, ಇನ್ನೊಬ್ಬನದು ಮರಾಠಿ. ಅವರ ಸ್ನೇಹ, ಜಗಳಗಳೇ ಈಗ ಕಥೆ. ಮಗಳು ಕನ್ನಡ ಅಕ್ಷರ ಕಲಿತು ಹಸ್ತಪ್ರತಿಯನ್ನು ತಾನೇ ಓದುತ್ತಿದ್ದಾಳೆ. ಒತ್ತಕ್ಷರ ಬಂದಲ್ಲಿ ತಡೆಯುತ್ತಾಳೆ. ಎರಡನೆಯ ಅಧ್ಯಾಯ ಮುಗಿದಿದೆ.