ಕಾಲು ಕಡೀತಾವ!

ಪೇನ್, ಏಕ್, ಹರ್ಟ್... ಈ ಮೂರಕ್ಕೂ ಕನ್ನಡದಲ್ಲಿ ಏನು ಅಂತ ಕೇಳಿದ್ರೆ ಥಟ್ಟಂತ "ನೋವು" ಅಂತೀವಿ. ತೆಕ್ಕಲಕೋಟೆಯಲ್ಲಿ ಹೈಸ್ಕೂಲು ಓದುವಾಗ ನಮಗೆ ಸಿನಾನಿಮ್ಸ್ ಕಲಿಸಿದ್ದೇ ಹಾಗೆ. ಎಡಗಡೆ ಒಂದು ಪದ, ಬಲಗಡೆ ನಾಲ್ಕು ಪದ. "ಸರ, ಇವುಕ್ಕೆಲ್ಲ ಫರಕ್ ಏನ್ರಿ?" ಅಂತ ಹಿಂದಿನ ಬೆಂಚಿನವನು ಯಾರಾದ್ರೂ ಕೇಳಿದ್ರೆ, "ಎಲ್ಲಾ ಒಂದ ಕುಂದರಲೇ" ಅನ್ನೋದೇ ಉತ್ತರ. ಇಂಜಿನಿಯರಿಂಗ್ ಕೊನೇ ವರ್ಷ ಕ್ಯಾಂಪಸ್ ಇಂಟರ್ವ್ಯೂಗೆ ಅಂತ ಪದಗಳ ಪಟ್ಟಿ ಉರು ಹೊಡೆದಾಗಲೂ ಇದೇ ಕಥೆ.

ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗಿದ್ದು, ಕಂಪ್ಯೂಟರ್ ಈ "ಎಲ್ಲಾ ಒಂದ" ಅನ್ನೋ ಮಾತನ್ನು ಒಪ್ಪೋದಿಲ್ಲ ಅಂತ. ಡೇಟಾಬೇಸಿನಲ್ಲಿ ಡಿಲೀಟ್, ಟ್ರಂಕೇಟ್, ಡ್ರಾಪ್ ಅಂತ ಮೂರು ಕ್ರಿಯಾಪದ ಇವೆ. ಕನ್ನಡದಲ್ಲಿ ಮೂರನ್ನೂ "ಅಳಿಸು" ಅಂದುಬಿಡಬಹುದು. ಆದ್ರೆ ಡಿಲೀಟ್ ಅಂದ್ರೆ ನೀವು ಹೇಳಿದ ಸಾಲುಗಳು ಮಾತ್ರ ಹೋಗ್ತವೆ, ಟ್ರಂಕೇಟ್ ಅಂದ್ರೆ ಒಳಗಿದ್ದದ್ದೆಲ್ಲ ಹೋಗಿ ಖಾಲಿ ಟೇಬಲ್ ಉಳಿಯುತ್ತೆ, ಡ್ರಾಪ್ ಅಂದ್ರೆ ಟೇಬಲ್ಲೇ ಇರೋದಿಲ್ಲ. ಚೀಲದಿಂದ ನಾಲ್ಕು ಕಾಳು ತೆಗೆಯೋದಕ್ಕೂ, ಚೀಲ ಸುರುವೋದಕ್ಕೂ, ಚೀಲನೇ ಸುಡೋದಕ್ಕೂ ಇರೋ ವ್ಯತ್ಯಾಸ!

ಇರ್ಲಿ, ನೋವಿಗೆ ಬರ್ತೀನಿ. ಇಂಗ್ಲಿಷಿನ ಏಕ್ ಅಂದ್ರೆ ಸಣ್ಣಗೆ, ಬಿಡದೆ, ಒಳಗೊಳಗೇ ಇರೋದು. ತಲೆ, ಹಲ್ಲು, ಬೆನ್ನು, ಕಿವಿ, ಹೊಟ್ಟೆ ಇವುಗಳ ಜತೆ ಅಂಟಿಕೊಂಡು ಒಂದೇ ಪದ ಆಗಿದೆ, ಕಾಲಿಗೆ ಮಾತ್ರ ಯಾಕೋ ಅಂಟಿಲ್ಲ. ಹರ್ಟ್ ಎರಡು ಕೆಲಸ ಮಾಡುತ್ತೆ: ನನ್ನ ಕೈ ನೋಯುತ್ತೆ ಅನ್ನೋಕೂ ಅದೇ, ನೀನು ನನ್ನ ನೋಯಿಸಿದೆ ಅನ್ನೋಕೂ ಅದೇ. ನಾವು ಒಂದು "ಇಸು" ಸೇರಿಸಿ ಇವೆರಡನ್ನೂ ಬೇರೆ ಇಟ್ಟಿದ್ದೀವಿ. ಕನ್ನಡಕ್ಕೆ ಒಂದು ಪಾಯಿಂಟ್ :-)

ಆದ್ರೆ ನಮ್ಮ ನಿಜವಾದ ಶ್ರೀಮಂತಿಕೆ "ನೋವು" ಅನ್ನೋ ಪದದಲ್ಲಿಲ್ಲ. ಅದು ನನಗೆ ಕಂಡಿದ್ದು ಹೋದ ವರ್ಷ, ನಮ್ಮಜ್ಜಿನ ಬೆಂಗಳೂರಿಗೆ ಕರ್ಕೊಂಡು ಬಂದು ಆಸ್ಪತ್ರೆಗೆ ತೋರಿಸಿದಾಗ. ಅಜ್ಜಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಡಾಕ್ಟ್ರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಕನ್ನಡದವರೇ. ಮಾತು ಕೇಳಿದ್ರೆ ಮೈಸೂರು ಕಡೆಯವರು ಅನ್ನಿಸ್ತು.

"ಏನಜ್ಜಿ, ಏನಾಗ್ತಿದೆ?"

"ಕಾಲು ಕಡಿಯಾಕತ್ತಾವ್ರೀ ಯಪ್ಪಾ, ರಾತ್ರಿ ಪೂರಾ ನಿದ್ದಿ ಇಲ್ಲ."

"ಕಡಿತ ಎಷ್ಟು ದಿನದಿಂದ? ಕೆರೆದ್ರೆ ಕಮ್ಮಿ ಆಗುತ್ತಾ?"

ಅಜ್ಜಿ ನನ್ನ ಮುಖ ನೋಡಿದ್ಲು. "ಕೆರಿಯೂದ್ಯಾಕ? ತುರಸಂಗಿಲ್ಲ, ಕಡೀತಾವ!"

ಅಷ್ಟರಲ್ಲಿ ಡಾಕ್ಟ್ರು ಚೀಟಿಯಲ್ಲಿ ಇಚಿಂಗ್ ಅಂತ ಬರೆದು, ಟಾರ್ಚ್ ಹಿಡಿದು ಚರ್ಮ ನೋಡೋಕೆ ಶುರು ಮಾಡಿದ್ರು. ಅವರ ತಪ್ಪೇನಿಲ್ಲ. ಅವರ ಕಡೆ ಮೈ ಕಡಿಯುತ್ತೆ ಅಂದ್ರೆ ತುರಿಕೆ. ನಮ್ಮ ಕಡೆ ಹೊಟ್ಟಿ ಕಡೀತೈತಿ, ಕಾಲು ಕಡೀತಾವ ಅಂದ್ರೆ ಒಳಗಿಂದ ಹಲ್ಲು ಹಾಕಿ ಅಗಿದಂಥ ನೋವು. ತುರಿಕೆಗೆ ನಮ್ಮಲ್ಲಿ "ತಿಂಡಿ" ಅಂತಾರೆ. ಅಜ್ಜಿ ಎಲ್ಲಾದ್ರೂ "ತಿಂಡಿ ಇಲ್ರೀ" ಅಂದಿದ್ರೆ, ನಾಷ್ಟಾ ಆಗಿಲ್ಲ ಅಂತ ಬರ್ಕೊಂತಿದ್ರೋ ಏನೋ! ನಾನು ನಡುವೆ ಬಾಯಿ ಹಾಕಿ ಹೇಳಿದೆ. ಡಾಕ್ಟ್ರು ನಕ್ಕು ಆ ಪದ ಹೊಡೆದುಹಾಕಿ, ಪೆನ್ನು ಕೆಳಗಿಟ್ಟು, "ಸರಿ ಅಜ್ಜಿ, ಮೊದಲಿಂದ ಹೇಳಿ, ಏನೇನಾಗುತ್ತೆ?" ಅಂದ್ರು.

"ನಡದ್ರ ಮೀನಖಂಡ ಹಿಡ್ಕೊಂತಾವ, ನಿಂತ್ರ ಬಿಡ್ತಾವ. ರಾತ್ರಿ ಮಲಗಿದ್ರ ಅಂಗಾಲು ಉರೀತಾವ. ಇರುವಿ ಹರದಂಗ ಆಕ್ಕತಿ."

ಈ ಮಾತಿನಲ್ಲಿ "ನೋವು" ಅನ್ನೋ ಪದ ಒಂದು ಸಲನೂ ಬಂದಿಲ್ಲ ನೋಡಿ. ಹಿಡ್ಕೊಂತಾವ, ಬಿಡ್ತಾವ, ಉರೀತಾವ, ಹರದಂಗ... ಬರೀ ಕ್ರಿಯಾಪದ. ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದ್ದು ಏನಂದ್ರೆ, ನಡೆದಾಗ ಹಿಡಿದು ನಿಂತಾಗ ಬಿಡೋದು ಸಾಮಾನ್ಯವಾಗಿ ರಕ್ತನಾಳ ಕಿರಿದಾಗಿರೋದರ ಗುರುತು, ಅದಕ್ಕೆ ಕ್ಲಾಡಿಕೇಶನ್ ಅಂತಾರೆ. ರಾತ್ರಿ ಉರಿಯೋದು, ಇರುವೆ ಹರಿದಾಡಿದಂಗಾಗೋದು ನರದ ಕಡೆಯ ಗುರುತು. ಸೊಂಟದಿಂದ ಹಿಮ್ಮಡಿವರೆಗೆ ಸೆಳೆದ್ರೆ ಬೆನ್ನುಮೂಳೆ ಕಡೆ ನೋಡ್ಬೇಕು. ಇರುವೆಯಂಥ ಅನುಭವಕ್ಕೆ ವೈದ್ಯರ ಭಾಷೆಯಲ್ಲಿ ಫಾರ್ಮಿಕೇಶನ್ ಅಂತ ಹೆಸರು. ಮನೆಗೆ ಬಂದು ಹುಡುಕಿದೆ: ಲ್ಯಾಟಿನ್ನಿನಲ್ಲಿ ಫಾರ್ಮಿಕಾ ಅಂದ್ರೆ ಇರುವೆ! ನಮ್ಮಜ್ಜಿ ಹೇಳಿದ್ದು ಅದನ್ನೇ ತಾನೆ?

ಪಾದದ ನಾಡಿ ಮುಟ್ಟಿ ನೋಡಿದ್ರು, ಸಣ್ಣಗಿತ್ತು. ಡಾಪ್ಲರ್ ಮಾಡಿಸಿದ್ರು. ರಕ್ತನಾಳವೂ ಹೌದು, ನರವೂ ಹೌದು. ಕಾಲನ್ನು ದಿನಾ ನೋಡ್ಕೋಬೇಕು, ಸಣ್ಣ ಗಾಯನೂ ಬಿಡಬಾರದು, ಇಲ್ಲಾಂದ್ರೆ ಬೆರಳು ತೆಗೆಯೋ ಹಂತಕ್ಕೆ ಹೋಗಬಹುದು ಅಂದ್ರು. ನನಗೆ ಕೈಕಾಲು ತಣ್ಣಗಾಯ್ತು. ಮಾತ್ರೆ ಜತೆ ದಿನಾ ವಾಕಿಂಗ್ ಮಾಡಿ ಅಂದದ್ದಕ್ಕೆ ಮಾತ್ರ ಅಜ್ಜಿಗೆ ಸಿಟ್ಟು: "ನಡದ್ರ ಹಿಡ್ಕೊಂತಾವ ಅಂದ್ರ ನಡಿ ಅಂತಾನಲ್ಲ!"

ಆ ರಾತ್ರಿ ನೆಟ್ಟಿನಲ್ಲಿ ಓದ್ತಾ ಕೂತಾಗ ಸಿಕ್ಕವರು ರೊನಾಲ್ಡ್ ಮೆಲ್ಜಾಕ್. ಕೆನಡಾದ ಮನಃಶಾಸ್ತ್ರಜ್ಞ, 2019ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿದ್ದಾಗ, ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡಿದ್ದ ವಯಸ್ಸಾದ ಹೆಂಗಸೊಬ್ಬರು ಅವರಿಗೆ ಸಿಕ್ಕರು. ಇಲ್ಲದ ಕಾಲು ಹೇಗೆಲ್ಲ ನೋಯುತ್ತೆ ಅಂತ ಆಕೆ ಹೇಳ್ತಿದ್ದ ಪದಗಳನ್ನು ಬರೆದಿಟ್ಟುಕೊಳ್ಳೋಕೆ ಶುರು ಮಾಡಿದರು. ಅದು ಬೆಳೀತಾ ಬೆಳೀತಾ 1975ರಲ್ಲಿ ಮೆಕ್‌ಗಿಲ್ ಪೇನ್ ಕ್ವೆಶ್ಚನೇರ್ ಆಯ್ತು: 20 ಗುಂಪು, 78 ಪದ. ಪ್ರತಿ ಗುಂಪಿನಲ್ಲೂ ಕಡಿಮೆಯಿಂದ ಜಾಸ್ತಿ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ. ಟಗ್ಗಿಂಗ್, ಪುಲ್ಲಿಂಗ್, ರೆಂಚಿಂಗ್ ಒಂದು ಗುಂಪು. ಹಾಟ್, ಬರ್ನಿಂಗ್, ಸ್ಕಾಲ್ಡಿಂಗ್, ಸಿಯರಿಂಗ್ ಇನ್ನೊಂದು. ನಮ್ಮ ಮೇಷ್ಟ್ರು ಇವನ್ನೆಲ್ಲ ಸಿನಾನಿಮ್ ಅಂತ ಬಲಗಡೆ ಬರೆಸ್ತಿದ್ರು. ಇವರು ಒಂದೊಂದು ಪದಕ್ಕೂ ಒಂದೊಂದು ಅಂಕ ಕೊಟ್ಟಿದ್ದಾರೆ. 2005ರಲ್ಲಿ ಫ್ರಾನ್ಸಿನವರು ಮಾಡಿದ ಡಿಎನ್4 ಅನ್ನೋ ಸಣ್ಣ ಪ್ರಶ್ನಾವಳಿ ಇದೆ. ನರದ ನೋವು ಹೌದೋ ಅಲ್ಲವೋ ಅಂತ ನೋಡೋದಕ್ಕೆ ಒಟ್ಟು ಹತ್ತು ಅಂಶ, ಅದರಲ್ಲಿ ಏಳು ರೋಗಿಯ ಮಾತಿಗೇ ಬಿಟ್ಟಿದ್ದು: ಉರಿಯುತ್ತಾ, ಕರೆಂಟ್ ಹೊಡೆದಂಗಾಗುತ್ತಾ, ಜುಮ್ಮನ್ನುತ್ತಾ... ಅಂದಹಾಗೆ ತುರಿಕೆನೂ ಅದರಲ್ಲಿದೆ. ಡಾಕ್ಟ್ರು ಇಚಿಂಗ್ ಬರೆದದ್ದು ಪೂರ್ತಿ ದಿಕ್ಕು ತಪ್ಪಿದ್ದೇನಲ್ಲ ಬಿಡಿ.

ಅವತ್ತಿಂದ ನಂಗೊಂದು ಹುಚ್ಚು ಹಿಡಿದಿದೆ. ಊರಿಗೆ ಹೋದಾಗೆಲ್ಲ ಕಟ್ಟೆ ಮೇಲೆ ಕೂತವರ ನೋವು ಮೊಬೈಲಿನಲ್ಲಿ ಬರ್ಕೊಳ್ಳೋದು! ತಲಿ ಸಿಡೀತೈತಿ ಬೇರೆ, ತಲಿ ಗಿಮ್ ಅಂತೈತಿ ಬೇರೆ. ಮುಳ್ಳು ಚುಚ್ಚುತ್ತೆ, ಕುರು ದಪದಪ ಹೊಡ್ಕೊಳ್ಳುತ್ತೆ. ಕಾಲು ಸೆಳೀತಾವ, ಅದಕ್ಕಿಂತ ಜಾಸ್ತಿ ಆದ್ರೆ ಜಗ್ತಾವ. ಆಂಧ್ರದ ಗಡಿ ಹತ್ತಿರ ಇರೋದ್ರಿಂದ ನಮ್ಮಲ್ಲಿ ತೆಲುಗು ಬಲ್ಲವರು ಬೇಕಾದಷ್ಟು. ಅವರನ್ನು ಕೇಳಿದ್ರೆ ಕಾಳ್ಳು ಲಾಗುತುನ್ನಾಯಿ, ಪೀಕುತುನ್ನಾಯಿ ಅಂತಾರೆ. ಲಾಗು ಅಂದ್ರೆ ಎಳೆಯೋದು, ಪೀಕು ಅಂದ್ರೆ ಕಿತ್ತು ತೆಗೆಯೋದು. ಮೆಲ್ಜಾಕ್‌ರ ಟಗ್ಗಿಂಗ್ ಗುಂಪು ನಮ್ಮೂರ ಕಟ್ಟೆ ಮೇಲೇ ಇದೆ.

ಟೊಂಕದ್ದೇ ಒಂದು ಅಧ್ಯಾಯ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತವೇ ಭತ್ತ. ನಾಟಿ ಹಚ್ಚೋ ಹೆಣ್ಮಕ್ಕಳು ಮೊದಲ ದಿನ "ಟೊಂಕ ಹಿಡದೈತಿ" ಅಂತಾರೆ, ನಾಲ್ಕನೇ ದಿನ "ಟೊಂಕ ಮುರದಂಗ ಆಗೈತಿ". ನಮ್ಮೂರ ಗುಡ್ಡದಲ್ಲಿ 1963ರಿಂದ 65ರವರೆಗೆ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿ ನವಶಿಲಾಯುಗದ ಜನರ ನೆಲೆ ತೋರಿಸಿದ್ರು. ಆ ಹೆಂಗಸರೂ ಬಗ್ಗಿ ಕಲ್ಲಿನ ಮೇಲೆ ಕಾಳು ಅರೆದವರೇ. ಅವರು ಟೊಂಕಕ್ಕೆ ಯಾವ ಪದ ಹೇಳ್ತಿದ್ರೋ!

ನನಗೆ ಜಾಸ್ತಿ ಹೆದರಿಕೆ ಎದೆಯದ್ದು. "ಎದಿ ಉರೀತೈತಿ" ಅಂದ್ರೆ ಮನೆಯವರು ಸೋಡಾ ಕುಡಿಸ್ತಾರೆ, "ಎದಿ ಒತ್ತಿ ಹಿಡದಂಗ ಆಕತ್ತೈತಿ" ಅಂದ್ರೆ ಗಾಡಿ ತೆಗೀತಾರೆ, ಬಳ್ಳಾರಿ ಕಡೆ. ಆಂಜೈನಾ ಅನ್ನೋ ಪದದ ಮೂಲವೂ ಲ್ಯಾಟಿನ್ನಿನಲ್ಲಿ ಹಿಸುಕು ಅನ್ನೋ ಕ್ರಿಯಾಪದವೇ. ಆದ್ರೆ ಸಕ್ಕರೆ ಕಾಯಿಲೆ ಇರೋರಿಗೆ, ಹೆಂಗಸರಿಗೆ ಹೃದಯಾಘಾತ ಎಷ್ಟೋ ಸಲ ಹಿಡಿಯೋ ನೋವಿಲ್ಲದೇ ಬರುತ್ತಂತೆ. ಬರೀ ಸುಸ್ತು, ಬೆವರು, ಹೊಟ್ಯಾಗ ಸಂಕಟ. ನಮ್ಮಜ್ಜಿ ಹಸಿವಾದ್ರೂ ಸಂಕಟ ಅಂತಾಳೆ, ವಾಕರಿಕೆಗೂ ಸಂಕಟ ಅಂತಾಳೆ, ತಾತ ಹೋದಾಗಲೂ ಸಂಕಟ ಅಂದಿದ್ಲು. ಅದಕ್ಕೆ ಈಗ ಅಮ್ಮನಿಗೆ ಹೇಳಿಟ್ಟಿದ್ದೀನಿ, ಅಜ್ಜಿ ಸಂಕಟ ಅಂದ್ರೆ ಯಾವ ಸಂಕಟ ಅಂತ ಕೇಳು, ಬೆವರು ನೋಡು, ಅನುಮಾನ ಬಂದ್ರೆ ಕಾಯಬೇಡ ಅಂತ.

ನಿಮ್ಮೂರ ಪದಗಳನ್ನೂ ಕಳಿಸಿ. ಮಂಗಳೂರು, ಕುಂದಾಪುರದ ಗೆಳೆಯರು ಹೊಟ್ಟೆನೋವಿಗೆ "ಹೊಟ್ಟೆ ಬೇನೆ" ಅಂತಾರೆ, ಅದನ್ನು ಬರ್ಕೊಂಡಾಗಿದೆ. ನಮ್ಮಲ್ಲಿ ಬಂದು ಹಾಗಂದ್ರೆ ಮಾತ್ರ ಅಜ್ಜಿ ಸೂಲಗಿತ್ತಿನ ಕರೆಸ್ತಾಳೆ, ಗಂಡಸಾದ್ರೂ ಸರಿ :-)