ಸಸಿಮಡಿಯ ಪಾಠ

ನಮ್ಮ ವಿದ್ಯಾರ್ಥಿನಿಲಯದ ಹಿಂದಣ ತೋಟವನ್ನು ನೆನಸುವಾಗಲೆಲ್ಲಾ ಒಂದು ಬದನೆಯ ಸಸಿಮಡಿಯು ನನ್ನ ಕಣ್ಣಿಗೆ ಕಟ್ಟುತ್ತದೆ. ಎಂಟನೆಯ ತರಗತಿಯಲ್ಲಿದ್ದಾಗ ಅದನ್ನು ನನ್ನ ವಶಕ್ಕೆ ಒಪ್ಪಿಸಿದ್ದರು. ಮಡಿಯು ಬೇಗನೆ ತುಂಬಲೆಂದು ಬೀಜವನ್ನು ಒತ್ತೊತ್ತಾಗಿ ಚೆಲ್ಲಿದೆನು; ಅಕ್ಕರೆಯಿಂದ ದಿನಕ್ಕೆ ಮೂರಾವರ್ತಿ ನೀರೆರೆದೆನು. ಹಸುರು ಹೊಮ್ಮಿದ ಕೆಲವು ದಿನಗಳ ಮೇಲೆ, ಮೋಡ ಕವಿದ ಒಂದು ಮುಂಜಾನೆ ಹೋಗಿ ನೋಡಲು, ಮಡಿಯ ನಡುವೆ ತಟ್ಟೆಯಗಲದಷ್ಟು ಸಸಿಗಳು ನೆಲಕ್ಕೊರಗಿದ್ದವು.

ಹಿಂದಿನ ಸಂಜೆ ಅಲ್ಲಿ ಆಡುತ್ತಿದ್ದ ಕಿರಿಯ ಹುಡುಗಿಯೊಬ್ಬಳು ತುಳಿದಳೆಂದು ಎಣಿಸಿ, ಎಲ್ಲರೆದುರಿಗೆ ಅವಳನ್ನು ಗದರಿಸಿದೆನು. ಅವಳು ಅಳುತ್ತಾ ಇಲ್ಲವೆಂದಳು, ನಾನು ನಂಬಲಿಲ್ಲ. ತೋಟದ ಕೆಲಸ ಕಲಿಸುತ್ತಿದ್ದ ಉಪಾಧ್ಯಾಯಿನಿಯವರು ಬಂದು ಬಿದ್ದ ಸಸಿಯೊಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಎಲೆಗಳು ಹಸುರಾಗಿಯೇ ಇದ್ದವು. ಮಣ್ಣಿಗೆ ತಾಕುವಲ್ಲಿ ದಂಟು ಮಾತ್ರ ನೀರುಗಟ್ಟಿ ನೂಲಿನಂತೆ ಸಣ್ಣಗಾಗಿತ್ತು. “ಕಾಲು ತುಳಿದರೆ ಎಲೆ ನಲುಗುವದಿಲ್ಲವೇ, ಮಗಳೇ? ಇದು ಕೊಳೆರೋಗ. ಇದನ್ನು ಕರೆತಂದದ್ದು ನಿನ್ನ ಝಾರಿ” ಎಂದರು. ನಾನು ತಲೆ ತಗ್ಗಿಸಿದೆನು. ಆ ಹುಡುಗಿಯ ಕ್ಷಮೆ ಬೇಡುವದು ಮಡಿಯನ್ನು ಹೊಸದಾಗಿ ಅಗೆಯುವದಕ್ಕಿಂತ ಕಠಿಣವಾಗಿತ್ತು.

ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯ ಮುಂತಾದವು ಈ ರೋಗಕ್ಕೆ ಕಾರಣವೆಂದು ಮುಂದೆ ತಿಳಿದುಕೊಂಡೆನು. ನಮ್ಮ ದೇಶದಲ್ಲಿ ಕೆಲಸಮಾಡಿದ ಇ. ಜೆ. ಬಟ್ಲರರು 1907ರಲ್ಲಿಯೇ ಪಿಥಿಯಂ ಕುಲವನ್ನು ಕುರಿತು ದೊಡ್ಡ ಪ್ರಬಂಧವನ್ನು ಪ್ರಕಟಿಸಿದ್ದರು. ಇದು ನಿಜವಾದ ಶಿಲೀಂಧ್ರವಲ್ಲ; ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರಕ್ಕೆ ಬಂಧು. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದುದರಿಂದ ಜವುಗಾದ ಮಡಿಯೇ ಅವುಗಳ ಹೆದ್ದಾರಿ.

ಬಿದ್ದ ಸಸಿಯು ಮತ್ತೆ ಏಳುವದಿಲ್ಲ. ಬಾರದಂತೆ ತಡೆಯುವದೇ ಉಪಾಯ. ಮಡಿಯನ್ನು ಸುಮಾರು 15 ಸೆಂಟಿಮೀಟರು ಎತ್ತರಿಸಿ, ನೀರು ಬಸಿದುಹೋಗುವಂತೆ ಮಾಡಬೇಕು. ಪ್ರತಿವರ್ಷವೂ ಅದೇ ಸ್ಥಳದಲ್ಲಿ ಬಿತ್ತಬಾರದು. ಬೇಸಿಗೆಯಲ್ಲಿ ತೇವದ ಮಡಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, 4ರಿಂದ 6 ವಾರ ಬಿಟ್ಟರೆ ಬಿಸಿಲಿನ ಕಾವಿಗೆ ರೋಗಾಣುಗಳು ಬಹುಮಟ್ಟಿಗೆ ನಾಶವಾಗುವವು. ಚೆನ್ನಾಗಿ ಕಳಿತ ಗೊಬ್ಬರದೊಂದಿಗೆ ಟ್ರೈಕೋಡರ್ಮವೆಂಬ ಉಪಕಾರಿ ಶಿಲೀಂಧ್ರವನ್ನು ಬೆರಸುವದೂ ಒಳ್ಳೆಯದು. ಹಸಿ ಗೊಬ್ಬರ ಸಲ್ಲದು. ಬೀಜವನ್ನು ಗೆರೆಯೆಳೆದು ವಿರಳವಾಗಿ ಬಿತ್ತಬೇಕು. ಸಂಜೆಗೆ ಮೇಲ್ಮಣ್ಣು ಆರುವಂತೆ ಬೆಳಿಗ್ಗೆಯೇ ಹದವರಿತು ನೀರೆರೆಯಬೇಕು. ರೋಗವು ಕಂಡೊಡನೆ ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣುಸಹಿತ ತೆಗೆದುಹಾಕಿ, ನೀರನ್ನು ಕಡಮೆಮಾಡಿ, ಗಾಳಿ ಬೆಳಕು ಆಡುವಂತೆ ಮಾಡಬೇಕು.

ಈಗ ನನ್ನ ಮೊಮ್ಮಗಳು ಝಾರಿ ಹಿಡಿದು ಮಡಿಯತ್ತ ಓಡುವಾಗ, “ಮೊದಲು ಮಣ್ಣನ್ನು ಮುಟ್ಟಿ ನೋಡು, ಕಂದಾ” ಎನ್ನುತ್ತೇನೆ. ಯಾರ ಮೇಲಾದರೂ ತಪ್ಪು ಹೊರಿಸಹೊರಟಾಗ ನನಗೂ ಅದೇ ಮಾತನ್ನು ಹೇಳಿಕೊಳ್ಳುತ್ತೇನೆ.