ರೊಟ್ಟಿ ಮುರಿಯೋ ಕೈ

ದಕ್ಷಿಣ ಭಾರತ ಸಭೆಯೊಳಗ 1976ರಿಂದ ಹೆಣ್ಮಕ್ಕಳಿಗೂ ಸಭಾಪಾಲಕರ ದೀಕ್ಷೆ ಅದ. 2013ರಾಗ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದ್ರು. ಆದ್ರೂ ನಮ್ಮತ್ತಿ, "ಹೆಂಗಸಿನ ಕೈಯಿಂದ ಕರ್ತನ ಭೋಜನ ನಾ ತೊಗೊಳ್ಳಂಗಿಲ್ಲ ನೋಡವಾ" ಅಂತಾರ.

"ಅತ್ತೀ, ಯೇಸು ಎದ್ದಾನ ಅನ್ನೋ ಸುದ್ದಿ ಶಿಷ್ಯರಿಗೆ ಮೊದಲ ಯಾರು ತಂದ್ರು?" ಅಂತ ಕೇಳಿದೆ.

"ಮಗ್ದಲದ ಮರಿಯಳು" ಅಂದ್ರು, ಹಿಟ್ಟು ನಾದಕೋತ.

ಐವತ್ತು ವರ್ಷದಿಂದ ಇದೇ ಒಲಿ ಮುಂದ ಕುಂತು, ಬಂದವರ ಜಾತಿ ಕೇಳದ ರೊಟ್ಟಿ ಬಡಿದು ಹಾಕ್ಯಾರ ಅವರು. ಅದಕ್ಕಿಂತ ದೊಡ್ಡ ಉಪದೇಶ ನಾ ಯಾವ ಚರ್ಚಿನ್ಯಾಗೂ ಕೇಳಿಲ್ಲ. ಕರ್ತನ ಮೇಜಿನ ಮ್ಯಾಲಿರೋದೂ ರೊಟ್ಟೀನ ಅಲ್ಲೇನು? ಹಂಚೋ ಕೈಗೆ ಗಂಡು-ಹೆಣ್ಣಿನ ಲೆಕ್ಕ ಯಾಕ?

ಅತ್ತಿ ಇನ್ನೂ ಒಪ್ಪಿಲ್ಲ. ಆದ್ರ ಬರೋ ಐತವಾರ ನಮ್ಮ ಚರ್ಚಿಗೆ ಸಭಾಪಾಲಕಿ ಬರ್ತಾರಂತ ಗೊತ್ತಿದ್ದೂ, ಇಳಕಲ್ ಸೀರಿ ತಗದಿಟ್ಟಾರ.